ಮೊದಲ ಮೂರು ಸಾಲು

ಕುಪ್ಪೇಲೂರು
೧೮ ಮಾರ್ಚ್ ೨೦೦೭

ಚಿ. ಶೈಲಶ್ರೀಗೆ ನಿನ್ನ ಸೋದರಮಾವ ಪ್ರಭುಲಿಂಗಪ್ಪನ ಆಶೀರ್ವಾದ.

ಫೋನ್ ಮಾಡದೆ ಪತ್ರ ಬರೆಯುತ್ತಾನಲ್ಲ ಎಂದು ನಗಬೇಡ. ಎಡಗಿವಿ ಹೋಗಿ ಎರಡು ವರ್ಷವಾಯಿತು, ಬಲಗಿವಿಗೆ ಹತ್ತಿರ ಕೂತು ಕೂಗಬೇಕು. ಫೋನಿನಲ್ಲಿ ಯಾರು ಮಾತನಾಡಿದರೂ ಜಿನ್ನಿಂಗ್ ಮಿಲ್ಲಿನೊಳಗೆ ನಿಂತಂತೆ ಒಂದೇ ಸದ್ದು. ಕಾಗದದ ಮೇಲೆ ಮಾತ್ರ ನನಗೆ ಎಲ್ಲ ಕೇಳಿಸುತ್ತದೆ.

ಈ ಪತ್ರದ ಜೊತೆ ಹದಿಮೂರು ಬಟ್ಟೆ ಚೀಲ ಕಳಿಸಿದ್ದೇನೆ. ನಮ್ಮ ಸಾವಯವ ಹತ್ತಿ ಸಂಘದಲ್ಲಿ ಹದಿನಾಲ್ಕು ಮಂದಿ ಇರುವುದು ನಿನಗೆ ಗೊತ್ತು. ಎಲ್ಲರ ಬೀಜವೂ ನನ್ನ ಹೊಲದಿಂದ ಹೋದದ್ದು, ನಿನ್ನ ಅಜ್ಜ ೧೯೬೧ರಲ್ಲಿ ಹಿಡಿದು ಬಿಡದೆ ಉಳಿಸಿದ ಲಕ್ಷ್ಮಿ ಹತ್ತಿ. ನಮ್ಮ ಹತ್ತಿಯನ್ನು ಕೂಸುಗಳ ಅಂಗಿಗೆ ಕೊಳ್ಳುತ್ತಿದ್ದ ತಮಿಳುನಾಡಿನ ಗಿರಣಿಯವರು ಕಳೆದ ವಾರ ಒಂದು ಪುಟದ ಕಾಗದ ಕಳಿಸಿದರು. ನಮ್ಮ ಕಾಳಿನಲ್ಲಿ ಕಂಪನಿಯ ಕುಲಾಂತರಿ ಬಿ.ಟಿ. ಸಿಕ್ಕಿದೆಯಂತೆ. ಇನ್ನು ಮುಂದೆ ಇದನ್ನು ಸಾವಯವ ಎನ್ನಲಾಗದು, ಬೀಜ ಶುದ್ಧವೆಂದು ತೋರಿಸುವವರೆಗೆ ವ್ಯವಹಾರವಿಲ್ಲ ಎಂದಿದ್ದಾರೆ.

ಮೂವತ್ತೊಂದು ವರ್ಷ ರಾಣೆಬೆನ್ನೂರು ಮಾರುಕಟ್ಟೆಯಲ್ಲಿ ಹತ್ತಿಯ ದರ್ಜೆ ನೋಡಿದವನು ನಾನು. ಎಪ್ಪತ್ತರ ದಶಕದಲ್ಲಿ ಹೈಬ್ರಿಡ್ ಬಂದು ಊರಿನ ಹತ್ತಿಯನ್ನೆಲ್ಲ ನುಂಗಿದ್ದನ್ನು ಕಂಡವನು. ೧೯೯೮ರಲ್ಲಿ ನಮ್ಮ ರಾಜ್ಯದಲ್ಲೇ ಬಿ.ಟಿ. ಪ್ರಯೋಗದ ಹೊಲಗಳಿಗೆ ರೈತರು ಬೆಂಕಿ ಇಟ್ಟಾಗ ಪಟ್ಟಣದ ಬುದ್ಧಿವಂತರು ಅವರನ್ನು ಹುಚ್ಚರೆಂದರು. ೨೦೦೨ರ ಮಾರ್ಚಿನಲ್ಲಿ ಸರಕಾರ ಅನುಮತಿ ಕೊಟ್ಟಿತು. ಪಕ್ಕದ ಹೊಲದವನ ಬೀಜ ಕೆಟ್ಟರೆ ಯಾರನ್ನು ಕೇಳಬೇಕೆಂದು ನಾನು ಅಂದೇ ಪತ್ರಿಕೆಗೆ ಬರೆದಿದ್ದೆ. ಯಾರೂ ಉತ್ತರ ಕೊಡಲಿಲ್ಲ. ಈಗ ನೋಡು, ಬೆರೆಸಿದವರು ಆರಾಮಾಗಿದ್ದಾರೆ, ಶುದ್ಧ ಎಂದು ಸಾಬೀತು ಮಾಡುವ ಕೆಲಸ ನಮ್ಮ ಕೊರಳಿಗೆ ಬಿದ್ದಿದೆ.

ಹದಿನಾಲ್ಕನೆಯ ಚೀಲ ಇಲ್ಲ. ಅದು ರಹಿಮಾನಸಾಬನದು. ಅವನ ಹೊಲ ನನ್ನ ಹೊಲದ ಪೂರ್ವಕ್ಕೆ, ನಡುವೆ ಒಂದು ಬಾಂದು ಮಾತ್ರ. ಕೇಳಲು ಹೋದರೆ, "ನನ್ನ ಬೀಜಕ್ಕ ಹೈದರಾಬಾದಿನ ಸರ್ಟಿಫಿಕೇಟ ಬ್ಯಾಡ್ರಿ" ಎಂದ. ಕೊಡಲು ಹೆದರುವವನು ಯಾಕೆ ಹೆದರುತ್ತಾನೆ?

ನೀನು ಬೀಜ ಪರೀಕ್ಷೆಯ ಕೆಲಸ ಹಿಡಿದಾಗ ನಾನು ಮುಖ ಸಿಂಡರಿಸಿದ್ದೆ. ಅದನ್ನು ಈಗ ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಚೀಲಗಳ ಮೇಲೆ ಹೆಸರು ಬರೆದಿದ್ದೇನೆ. ಲಗೂ ನೋಡಿ ತಿಳಿಸು.

ನಿನ್ನ ಮಾವ
ಪ್ರಭುಲಿಂಗಪ್ಪ


ಹೈದರಾಬಾದ್
೫ ಏಪ್ರಿಲ್ ೨೦೦೭

ಪ್ರೀತಿಯ ಮಾವನಿಗೆ ನಮಸ್ಕಾರ.

ಚೀಲಗಳು ಮುಟ್ಟಿದವು. ನಮ್ಮ ಮುಖ್ಯಸ್ಥರ ಅನುಮತಿ ಕೇಳಿ ಎರಡು ಭಾನುವಾರ ಕೂತು ನೋಡಿದೆ. ಕಾಳನ್ನು ಅರೆದು ನೀರಿನಲ್ಲಿ ಕಲಸಿ ಅದರೊಳಗೆ ಒಂದು ಕಾಗದದ ಪಟ್ಟಿ ಅದ್ದುತ್ತೇವೆ. ಒಂದು ಗೆರೆ ಮೂಡಿದರೆ ಶುದ್ಧ, ಎರಡು ಮೂಡಿದರೆ ಬಿ.ಟಿ. ಪ್ರತಿ ಚೀಲದಿಂದ ನೂರು ಕಾಳು ಒಂದೊಂದಾಗಿ ನೋಡಿದ್ದೇನೆ.

ನಿಮ್ಮ ಚೀಲದಲ್ಲಿ ನೂರಕ್ಕೆ ಒಂಬತ್ತು. ಒಂಬತ್ತು ಮಂದಿಯ ಚೀಲಗಳಲ್ಲಿ ಮೂರರಿಂದ ಆರು. ಲಕ್ಷ್ಮಪ್ಪ ಮತ್ತು ಇನ್ನಿಬ್ಬರ ಚೀಲದಲ್ಲಿ ಒಂದೂ ಇಲ್ಲ.

ಮಾವ, ಎಲ್ಲಕ್ಕಿಂತ ಹೆಚ್ಚು ನಿಮ್ಮದರಲ್ಲೇ ಇದೆ. ಲಕ್ಷ್ಮಪ್ಪ ಮತ್ತು ಆ ಇಬ್ಬರು ನಿಮ್ಮಿಂದ ಕೊನೆಯ ಸಲ ಬೀಜ ಒಯ್ದದ್ದು ಯಾವ ವರ್ಷ? ಉಳಿದವರು ಯಾವಾಗ ಒಯ್ದರು? ಇದನ್ನು ಬರೆದು ತಿಳಿಸಿ. ಅಲ್ಲಿಯವರೆಗೆ ಯಾರ ಹೆಸರನ್ನೂ ಎತ್ತಬೇಡಿ. ಪಕ್ಕದ ಹೊಲದಿಂದ ದುಂಬಿ ಪರಾಗ ತಂದಿರಬಹುದು, ತಂದಿರಲಿಕ್ಕೂ ಇಲ್ಲ.

ಅವ್ವ ಆರಾಮಾಗಿದ್ದಾಳೆ. ಕದರಮಂಡಲಗಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಅಪ್ಪ ಹೋದ ಮೇಲೂ ಹೊಲ ಬಿಟ್ಟಿಲ್ಲ, ದಿನಾ ಹೋಗುತ್ತಾಳೆ.

ನಿಮ್ಮ
ಶೈಲಾ


ಕುಪ್ಪೇಲೂರು
೨೪ ಜೂನ್ ೨೦೦೭

ಚಿ. ಶೈಲಾ,

ನೀನು ಕೇಳಿದ ವರ್ಷಗಳು. ಲಕ್ಷ್ಮಪ್ಪ ಮತ್ತು ಇನ್ನಿಬ್ಬರು ೨೦೦೪ರಲ್ಲಿ ಒಯ್ದವರು ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ. ಒಮ್ಮೆ ಒಯ್ದರೆ ನಿಮ್ಮ ಬೀಜ ನೀವೇ ಮಾಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳಿದ್ದೆ, ಚೀಲ ಕೊಟ್ಟವರಲ್ಲಿ ಹೇಳಿದಂತೆ ನಡೆದವರು ಅಷ್ಟೇ ಮಂದಿ. ಉಳಿದವರು ೨೦೦೬ರಲ್ಲಿ ಮತ್ತೆ ಚೀಲ ಹಿಡಿದು ಬಂದಿದ್ದರು. ಅಂದರೆ ೨೦೦೪ರ ನಂತರವೇ ನನ್ನ ಹೊಲಕ್ಕೆ ಈ ರೋಗ ಹತ್ತಿದೆ. ಪೂರ್ವದ ಬಾಂದಿನ ಕಡೆಗೇ ನನ್ನ ಬೆರಳು ಹೋಗುತ್ತದೆ.

ಈ ಸಲ ಅರ್ಧ ಎಕರೆ ಮಾತ್ರ ಬಿತ್ತಿದೆವು, ನಲವತ್ತು ಸಾಲು. ಬೀಜ ಲಕ್ಷ್ಮಪ್ಪನದು, ನೀನು ಸೊನ್ನೆ ಎಂದು ಬರೆದದ್ದು. ಪೂರ್ವದ ಬಾಂದಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ, ಪಶ್ಚಿಮದ ದಾರಿಯ ಕಡೆ ಹಾಕಿದ್ದೇನೆ. ಇನ್ನು ನೋಡೋಣ.

ಬಿತ್ತುವ ದಿನ ನಿಮ್ಮ ಅವ್ವ ನೀಲಗಂಗವ್ವ ಬಂದಿದ್ದಳು. ನಮ್ಮ ಮನೆಯ ಪದ್ಧತಿ ನೀನು ಸಣ್ಣವಳಿದ್ದಾಗ ನೋಡಿದ್ದೀಯೆ, ಮರೆತಿರಬಹುದು. ಮನೆಯ ಮಗಳು ಕೊಟ್ಟ ಊರಿನ ಹೊಲದಿಂದ ಒಂದು ಮುಷ್ಟಿ ಬೀಜ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಾಳೆ. ಅದರ ಮೇಲೆ ಅಣ್ಣ ಮನೆಯ ಬೀಜ ತುಂಬುತ್ತಾನೆ. ತುಂಬುವಾಗ ಉಡಿಯೊಳಗೆ ನೋಡಬಾರದು. ಮಗಳು ಕೂರಿಗೆಯ ಹಿಂದೆ ನಡೆದು ಮೊದಲ ಮೂರು ಸಾಲು ಬಿತ್ತುತ್ತಾಳೆ, ಉಳಿದದ್ದನ್ನು ಬೇರೆಯವರು. ಎರಡೂ ಮನೆಯ ಬೀಜ ಕೂಡಿ ಬೆಳೆಯಲಿ ಎಂದು ನಮ್ಮ ಅಜ್ಜಿ ಮಾಡಿದ ಏರ್ಪಾಡು. ನಾನು ದೇವರು ದಿಂಡಿರನ್ನು ನಂಬುವವನಲ್ಲ, ಆದರೆ ಇದನ್ನು ಬಿಟ್ಟಿಲ್ಲ.

ಈ ವರ್ಷ ನೀಲಗಂಗವ್ವ ಅನುಮಾನಿಸಿದಳು. "ಅಣ್ಣಾ, ಈ ಸಲ ಬ್ಯಾಡ ಬಿಡು. ಬೀಜದ ಸಲುವಾಗಿ ಮೊದಲೇ ಊರೆಲ್ಲಾ ಜಗಳ ನಡದೈತಿ" ಎಂದಳು. ನಾನು ಗದರಿದೆ. ಕಂಪನಿಯವರು ಬೀಜ ಕಸಿದರು, ಪದ್ಧತಿಯನ್ನೂ ನಾವೇ ಬಿಟ್ಟುಕೊಡಬೇಕೇನು ಎಂದೆ. ನಿಮ್ಮ ಅತ್ತೆ ಪುಷ್ಪಾವತಿ ಎತ್ತಿನ ಹಣೆಗೆ ಕುಂಕುಮ ಹಚ್ಚುತ್ತಾ, "ಇವರಿಗೆ ಕಿವಿ ಕೇಳಸಂಗಿಲ್ಲ ಅಂತಾರ. ಕೇಳಿಸಿದಾಗ ಯಾವತ್ತ ಕೇಳ್ಯಾರವಾ?" ಎಂದಳು. ಎಲ್ಲರೂ ನಕ್ಕರು, ನೀಲವ್ವ ಮಾತ್ರ ನಗಲಿಲ್ಲ. ಉಡಿ ಒಡ್ಡಿದಳು, ನಾನು ತುಂಬಿದೆ.

ಎಲೆ ಬಂದ ಮೇಲೆ ಕಳಿಸುತ್ತೇನೆ.

ಮಾವ


ಹೈದರಾಬಾದ್
೩೦ ಜುಲೈ ೨೦೦೭

ಮಾವನಿಗೆ ನಮಸ್ಕಾರ.

ಉತ್ತರ ತಡವಾಯಿತು. ಮುಂಗಾರಿನ ಬೀಜದ ಮಾದರಿಗಳು ಬಂದು ರಾಶಿಯಾಗಿ ಬಿದ್ದಿವೆ, ತಲೆ ಎತ್ತಲು ಆಗಿಲ್ಲ.

ಎಲೆ ಕಳಿಸುವಾಗ ಒಂದು ಮಾಡಿ. ಎಲ್ಲ ಕೂಡಿಸಿ ಕಳಿಸಬೇಡಿ. ಪ್ರತಿ ಸಾಲಿನ ಎಲೆ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ, ಸಾಲಿಗೆ ಹತ್ತು ಗಿಡ, ಪಶ್ಚಿಮದಿಂದ ಒಂದು ಎರಡು ಎಂದು ಅಂಕೆ ಹಾಕಿ. ತೊಂದರೆಯಾದರೂ ಹೀಗೆಯೇ ಮಾಡಿ.

ರಹಿಮಾನ ಕಾಕಾ ಅವರ ಬಗ್ಗೆ ಅವಸರ ಬೇಡ. ನಾನು ಕುಪ್ಪೇಲೂರಿನಲ್ಲಿದ್ದು ಶಾಲೆಗೆ ಹೋಗುವಾಗ ಬಸ್ ತಪ್ಪಿದರೆ ಅವರ ಚಕ್ಕಡಿಯಲ್ಲೇ ಹೋಗುತ್ತಿದ್ದೆ.

ಶೈಲಾ


ಕುಪ್ಪೇಲೂರು
೧೨ ಸೆಪ್ಟೆಂಬರ್ ೨೦೦೭

ಚಿ. ಶೈಲಾ,

ನಲವತ್ತು ಲಕೋಟೆ ಕಳಿಸಿದ್ದೇನೆ. ನಿನ್ನ ಹಿಂದಿನ ಪತ್ರ ಯಾರೋ ಅಧಿಕಾರಿ ಬರೆದಂತಿತ್ತು. ಚಕ್ಕಡಿಯ ನೆನಪು ನನಗೂ ಇದೆ. ಚಕ್ಕಡಿ ಹತ್ತಿಸಿಕೊಂಡವನು ಬೀಜ ಕೆಡಿಸಬಾರದೆಂದು ಎಲ್ಲಿದೆ?

ಹೋದ ವಾರ ಸಂಘದ ಕಾರ್ಯದರ್ಶಿ ಕೊಟ್ರೇಶ ರಹಿಮಾನಸಾಬನ ಶೆಡ್ಡಿನಲ್ಲಿ ಬಿ.ಟಿ. ಬೀಜದ ಖಾಲಿ ಪಾಕೀಟು ಕಂಡು ತಂದ. ಸಭೆಯಲ್ಲಿ ಎತ್ತಿ ತೋರಿಸಿದ. ನಾನು ರಹಿಮಾನಸಾಬನ ಎದುರಿಗೇ ಕೂತಿದ್ದೆ.

"ಇದೇನ್ರಿ ಇದು?" ಎಂದು ಕೊಟ್ರೇಶ ಕೇಳಿದ.

"ಪಾಕೀಟ."

"ಯಾತರದು?"

"ನೀವ ಓದಿದವರು, ಓದಕೋರಿ. ನಮ್ಮ ಶೆಡ್ಡಿನ ತಗಡ ತೂತ ಬಿದ್ದೈತಿ. ಓಣ್ಯಾಗ ಬಿದ್ದಿದ್ದ ಪಾಕೀಟ ತಂದು ತುರುಕೇನಿ. ಖಾಲಿ ಪಾಕೀಟಿನಾಗಿಂದ ಹತ್ತಿ ಹುಟ್ಟಿದ್ದು ಎಲ್ಲರ ನೋಡೀರೇನು?"

ಮಂದಿ ನಕ್ಕರು. ನಗಿಸಿ ತಪ್ಪಿಸಿಕೊಳ್ಳುವುದು ಅವನಿಗೆ ಮೊದಲಿನಿಂದಲೂ ಗೊತ್ತು. "ಹಂಗಾರ ಬೀಜ ಕೊಡಾಕ ಏನ ಧಾಡಿ?" ಎಂದು ನಾನು ಕೇಳಿದೆ. ಅವನು ನನ್ನ ಕಿವಿಯ ಹತ್ತಿರ ಬಂದು, "ಕೇಳೋ ಮೊದಲ ನೀವು ಕಳ್ಳ ಅಂತ ಬರಕೊಂಡ ಬಂದಿದ್ರಿ. ಅದಕ್ಕ ಕೊಡಲಿಲ್ಲ" ಎಂದ.

ಕೃಷಿ ಇಲಾಖೆಗೂ ತಹಶೀಲ್ದಾರರಿಗೂ ಕೊಡಲು ದೂರು ಬರೆದಿಟ್ಟಿದ್ದೇನೆ. ಹೆಸರು ಹಾಕುವ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ನಿನ್ನ ಪರೀಕ್ಷೆಗೆ ಕಾಯುತ್ತೇನೆ.

ಮಾವ


ಹೈದರಾಬಾದ್
೨೧ ಸೆಪ್ಟೆಂಬರ್ ೨೦೦೭

ಮಾವನಿಗೆ,

ಪರೀಕ್ಷೆ ಮುಗಿಯಿತು. ಒಂದು, ಎರಡು, ಮೂರನೆಯ ಸಾಲಿನ ಮೂವತ್ತು ಗಿಡಗಳಲ್ಲಿ ಹನ್ನೊಂದು ಬಿ.ಟಿ. ನಾಲ್ಕನೆಯ ಸಾಲಿನಿಂದ ನಲವತ್ತರವರೆಗೆ ಒಂದೂ ಇಲ್ಲ.

ಮಾವ, ಗಾಳಿ ಮತ್ತು ದುಂಬಿ ಹೀಗೆ ಮಾಡುವುದಿಲ್ಲ. ಅವು ಮೂರು ಸಾಲು ಎಣಿಸಿ ನಿಲ್ಲುವುದಿಲ್ಲ. ಇದು ಕೈಯಿಂದ ಬಿದ್ದ ಬೀಜ. ನಿಧಾನವಾಗಿ ಯೋಚನೆ ಮಾಡಿ, ಬಿತ್ತಿದ ದಿನ ನೆನಪು ಮಾಡಿಕೊಳ್ಳಿ.

ಶೈಲಾ


ಕುಪ್ಪೇಲೂರು
೧ ಅಕ್ಟೋಬರ್ ೨೦೦೭

ಚಿ. ಶೈಲಾ,

ನಿನ್ನ ಒಂದು ವಾಕ್ಯ ಸಾಕಾಯಿತು. ನಿನ್ನೆ ಸಭೆ ಕರೆದು ಎದ್ದು ನಿಂತು ಓದಿದೆ: "ಇದು ಕೈಯಿಂದ ಬಿದ್ದ ಬೀಜ." ನೀನು ಹೇಳಿದಂತೆ ಬಿತ್ತಿದ ದಿನವನ್ನೂ ನೆನಪು ಮಾಡಿಕೊಂಡೆ. ಮಧ್ಯಾಹ್ನ ನಾವು ಬುತ್ತಿ ಬಿಚ್ಚಿ ಬೇವಿನ ಗಿಡದ ಕೆಳಗೆ ಕೂತಾಗ ರಹಿಮಾನಸಾಬ ಪಶ್ಚಿಮದ ದಾರಿಯಲ್ಲಿ ಹೋದ. ನಾಲ್ಕು ಹೆಜ್ಜೆ ಹೊಲದೊಳಗೆ ಬಂದು ಮಣ್ಣಿನ ಹಸಿ ನೋಡಿದ. ಮೊದಲ ಮೂರು ಸಾಲು ಅಲ್ಲೇ ಇರುವುದು. ಶುದ್ಧ ಬೀಜ ಬಿತ್ತಿದ ದಿನವೇ ಒಂದು ಮುಷ್ಟಿ ಚೆಲ್ಲಿ ಹೋದರೆ ನನ್ನ ಬಾಯಿ ಶಾಶ್ವತವಾಗಿ ಮುಚ್ಚುತ್ತದೆಂದು ಲೆಕ್ಕ ಹಾಕಿದ್ದಾನೆ.

ಸಂಘದಿಂದ ಅವನ ಹೆಸರು ತೆಗೆದೆವು. ಹನ್ನೆರಡು ಕೈ ಎದ್ದವು, ಲಕ್ಷ್ಮಪ್ಪ ಎತ್ತಲಿಲ್ಲ. ರಹಿಮಾನಸಾಬ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ನನಗೆ ಕೇಳಿಸಲೆಂದೇ ಜೋರಾಗಿ ಹೇಳಿದ:

"ಸಾಹೇಬ್ರ, ನಲವತ್ತ ವರ್ಷ ಬಾಂದ ಕೂಡಿದ ಹೊಲ ನಮ್ಮವು. ನಿಮ್ಮ ಎತ್ತು ನನ್ನ ಹೊಲದಾಗ ಮೇದಾವ, ನನ್ನವು ನಿಮ್ಮ ಹೊಲದಾಗ ಮೇದಾವ. ಯಾರೂ ಎಣಿಸಿಲ್ಲ. ಇವತ್ತ ನೀವು ಸಾಲ ಎಣಿಸಾಕ ಹತ್ತೀರಿ. ಎಣಿಸ್ರಿ, ಆದರ ಪೂರಾ ಎಣಿಸ್ರಿ."

ಅವನು ಹೋದ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮನುಷ್ಯ ಹಳೆಯ ಸಂಬಂಧ ಕಡಿಯುವಾಗ ಹೀಗಾಗುವುದು ಸಹಜ ಎಂದುಕೊಂಡಿದ್ದೇನೆ. ದೂರಿನಲ್ಲಿ ಹೆಸರು ತುಂಬಿದೆ. ಇದೇ ಹದಿನೈದರಂದು ರಾಣೆಬೆನ್ನೂರಿಗೆ ಹೋಗಿ ಕೊಡುತ್ತೇನೆ. ನಿನ್ನ ಪರೀಕ್ಷೆಯ ವರದಿಯನ್ನು ಮುದ್ರೆ ಹಾಕಿಸಿ ಕಳಿಸು.

ಮಾವ


ಹೈದರಾಬಾದ್
೬ ಅಕ್ಟೋಬರ್ ೨೦೦೭

ಮಾವ,

ಆ ದೂರು ಕೊಡಬೇಡಿ. ಈ ಪತ್ರ ಹದಿನೈದರೊಳಗೆ ಮುಟ್ಟಲೆಂದು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಅತ್ತೆಗೂ ಫೋನ್ ಮಾಡಿ, ನೀವು ಇದನ್ನು ಓದುವವರೆಗೆ ಬಸ್ ಹತ್ತಬಾರದೆಂದು ಹೇಳಿದ್ದೇನೆ.

ಮೊದಲ ಮೂರು ಸಾಲು ಬಿತ್ತಿದವಳು ಅವ್ವ.

ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ನಮ್ಮ ಹೊಲವನ್ನು ಬೀಜದ ಪ್ಲಾಟಿಗೆಂದು ಗುತ್ತಿಗೆಯ ಕಾಗದ ಮಾಡಿ ಲಾವಣಿಗೆ ಕೊಟ್ಟರು. ೨೦೦೪ರ ಮುಂಗಾರಿನಿಂದ ಅಲ್ಲಿ ಕಂಪನಿಯೊಂದರ ಬಿ.ಟಿ. ಹತ್ತಿಯ ಬೀಜ ತಯಾರಾಗುತ್ತಿದೆ. ಅವ್ವ ಅಲ್ಲೇ ಕೂಲಿಗೆ ಕ್ರಾಸಿಂಗ್ ಮಾಡಲು ಹೋಗುತ್ತಾಳೆ. ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆದು ಕೆಂಪು ಕಾಗದ ಮುಚ್ಚುವುದು, ಬೆಳಿಗ್ಗೆ ಇನ್ನೊಂದು ಗಿಡದ ಹೂವು ತಂದು ಮುಟ್ಟಿಸಿ ದಾರ ಕಟ್ಟುವುದು. ಸ್ವಂತ ಹೊಲದಲ್ಲಿ ಕೂಲಿ. "ದಿನಾ ಹೊಲಕ್ಕೆ ಹೋಗುತ್ತಾಳೆ" ಎಂದು ನಾನು ನಿಮಗೆ ಬರೆದದ್ದು ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ನಿಮ್ಮ ಜೂನ್ ತಿಂಗಳ ಪತ್ರದಲ್ಲಿ ಉಡಿಯ ಸಂಗತಿ ಓದಿದ ದಿನವೇ ನನಗೆ ಗೊತ್ತಾಯಿತು. ಅವ್ವನಿಗೆ ಫೋನ್ ಮಾಡಿ ಕೇಳಿದೆ. "ಖಾಲಿ ಉಡಿ ಕಟಗೊಂಡ ತವರಿಗೆ ಹೆಂಗ ಹೋಗಲೇ ಶೈಲಾ? ಕೊಟ್ಟ ಊರಿನ ಹೊಲದ ಬೀಜ ತರಬೇಕು ಅಂತೈತಿ ಪದ್ಧತಿ. ಹೊಲ ನಂದ. ಹೊಲದಾಗ ಏನ ಬೆಳದೈತಿ ಅದನ್ನ ಒಯ್ದೇನಿ. ಮೂರು ವರ್ಷಾತು" ಎಂದಳು. ಒಂದು ಮುಷ್ಟಿಯಿಂದ ಇಷ್ಟೆಲ್ಲ ಆಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಲಾವಣಿಯ ವಿಷಯ ಮಾವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಅಣ್ಣಗ ಹೇಳಿದ್ರ ಪೇಪರದಾಗ ಬರದಾನು" ಎಂದಳು.

ನನಗೂ ಹೇಳಲು ಧೈರ್ಯ ಬರಲಿಲ್ಲ. ಸಾಲುಗಳನ್ನು ಬೇರೆ ಬೇರೆ ಕಳಿಸಲು ಹೇಳಿದ್ದು ಅದಕ್ಕೇ. ನೀವೇ ಎಣಿಸಿ ತಿಳಿದುಕೊಳ್ಳುತ್ತೀರಿ, ನಾನು ಅವ್ವನ ಹೆಸರು ಹೇಳಬೇಕಾಗಿಲ್ಲ ಎಂದುಕೊಂಡೆ. ಕೈ ಎಂದು ನಾನು ಬರೆದಾಗ ನಿಮ್ಮ ಕಣ್ಣಿಗೆ ರಹಿಮಾನ ಕಾಕಾ ಅವರ ಕೈ ಕಾಣುತ್ತದೆಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು, ನಿಮ್ಮ ಮೊದಲ ಪತ್ರದಲ್ಲೇ ಅದು ಇತ್ತು.

ನನ್ನನ್ನು ಬೈಯಿರಿ. ಅವ್ವನನ್ನು ಬೈಯಬೇಡಿ.

ಶೈಲಾ


ಹೈದರಾಬಾದ್
೧೮ ಡಿಸೆಂಬರ್ ೨೦೦೭

ಮಾವನಿಗೆ ನಮಸ್ಕಾರ.

ಕೊರಿಯರಿನ ಪತ್ರಕ್ಕೂ ಅದರ ನಂತರ ಬರೆದದ್ದಕ್ಕೂ ಉತ್ತರವಿಲ್ಲ. ದೂರು ಕೊಡಲಿಲ್ಲವೆಂದು ಅತ್ತೆ ಹೇಳಿದರು, ಅಷ್ಟು ಮಾತ್ರ ಗೊತ್ತು. ದೀಪಾವಳಿಗೆ ಅವ್ವನನ್ನು ಕರೆಯಲು ನೀವು ಬರಲಿಲ್ಲವಂತೆ. ಚೀಲ ಕಟ್ಟಿಟ್ಟು ಎರಡು ದಿನ ಕಾದಳಂತೆ. ನೀವು ನವೆಂಬರಿನಲ್ಲಿ ಒಂದು ದಿನ ಅವಳ ಹೊಲದ ಹತ್ತಿರ ನಿಂತಿದ್ದಿರಿ ಎಂದು ಅವಳ ಜೊತೆ ಕ್ರಾಸಿಂಗ್ ಮಾಡುವ ಸಕೀನಾಬಿ ಹೇಳಿದಳಂತೆ. ಅವ್ವ ನಂಬಿಲ್ಲ. ಬಂದಿದ್ದರೆ ಅಣ್ಣ ಮಾತನಾಡಿಸದೆ ಹೋಗುವವನಲ್ಲ ಎನ್ನುತ್ತಾಳೆ.

ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಶೈಲಾ


ಕುಪ್ಪೇಲೂರು
೧೦ ಮಾರ್ಚ್ ೨೦೦೮

ಚಿ. ಶೈಲಾ,

ಜನವರಿಯಲ್ಲಿ ಪತ್ರವಿಲ್ಲದೆ ಮೂರು ಚೀಲ ಕಳಿಸಿದೆ. ನೀನೂ ಪತ್ರವಿಲ್ಲದೆ ಮೂರು ಅಂಕೆ ಕಳಿಸಿದೆ. ಎರಡು, ಮೂರು, ಒಂದು. ಅಂದರೆ ಲಕ್ಷ್ಮಪ್ಪ ಮತ್ತು ಆ ಇಬ್ಬರ ಹೊಸ ಬೆಳೆಗೂ ಸುತ್ತಲಿನ ಹೊಲಗಳಿಂದ ಹತ್ತಿದೆ. ಅವರ ಹಳೆಯ ಬೀಜ ಉಳಿದದ್ದನ್ನು ಎಮ್ಮೆಗೆ ತಿನ್ನಿಸಿ ಆಗಿದೆ. ನನ್ನ ಉಳಿದ ಮೂವತ್ತೇಳು ಸಾಲಿನ ಕಾಯಿಗೂ ಆ ಮೂರು ಸಾಲಿನ ಪರಾಗ ತಾಗಿದೆ. ಹದಿಮೂರು ಮನೆಯಲ್ಲಿ ನಿನ್ನ ಅಜ್ಜನ ಬೀಜ ಶುದ್ಧವಾಗಿ ಒಂದು ಬೊಗಸೆಯೂ ಇಲ್ಲ.

ಸಕೀನಾಬಿ ಹೇಳಿದ್ದು ಖರೆ. ನವೆಂಬರಿನಲ್ಲಿ ಹೋಗಿದ್ದೆ. ಮನೆಗೆ ಹೋಗದೆ ನೇರ ಹೊಲಕ್ಕೆ ಹೋದೆ, ಕೇಳಿಕೊಂಡು ಹೋಗಬೇಕಾಯಿತು. ತಂಗಿಯ ಹೊಲ ಎಲ್ಲಿದೆ ಎಂದು ಮೂರು ಮಂದಿಯನ್ನು ಕೇಳಿದೆ. ಮೂವರೂ "ಬೀಜದ ಪ್ಲಾಟ ಏನ್ರಿ?" ಎಂದರು. ಊರಿಗೆಲ್ಲ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಆರೇಳು ಸಲ ಅವಳ ಮನೆಯಲ್ಲಿ ಉಂಡು ಬಂದಿದ್ದೆ, ಹೊಲದಲ್ಲಿ ಏನು ಹಾಕಿದ್ದೀಯೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಪತ್ರಿಕೆಯಲ್ಲಿ ದೆಹಲಿಯವರಿಗೆ ಪ್ರಶ್ನೆ ಬರೆಯುತ್ತಿದ್ದೆ.

ಅವಳು ಬೆನ್ನು ಮಾಡಿ ನಿಂತಿದ್ದಳು. ಗಿಡದಿಂದ ಗಿಡಕ್ಕೆ ಹೋಗುತ್ತಿದ್ದಳು, ಹೂವು ಮುಟ್ಟಿಸಿ ದಾರ ಸುತ್ತುವುದಕ್ಕೆ ಒಂದು ಉಸಿರಿನಷ್ಟು ಹೊತ್ತು. ಮೇಸ್ತ್ರಿ ಹುಡುಗ ಏನೋ ಕೂಗಿದ, ಅವಳು ಇನ್ನೂ ಬೇಗ ಮಾಡಿದಳು. ಅವಳದೇ ಬಾಂದಿನ ಮೇಲೆ ಅವನು ಕೊಡೆ ಹಿಡಿದು ನಿಂತಿದ್ದ. ನಾನು ಕರೆಯಲಿಲ್ಲ. ಮುಂದಿನ ಬಸ್ಸಿಗೆ ಮರಳಿಬಿಟ್ಟೆ. ಏನು ಮಾತನಾಡಬೇಕೆಂದು ತಿಳಿಯಲಿಲ್ಲ, ಇಷ್ಟು ದಿನ ನಿನಗೂ ಬರೆಯದಿದ್ದದ್ದು ಅದಕ್ಕೇ.

ಕಳೆದ ಸೋಮವಾರ ರಹಿಮಾನಸಾಬನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ೨೦೦೪ರಲ್ಲಿ ನಾನು ಕೊಟ್ಟ ಬೀಜದಲ್ಲಿ ಉಳಿದದ್ದನ್ನು ಅವನು ಗಡಿಗೆಯಲ್ಲಿ ಬೂದಿ ಹಾಕಿ ಇಟ್ಟಿದ್ದಾನೆಂದು ಲಕ್ಷ್ಮಪ್ಪ ಹೇಳಿದ್ದ. ನಾನು ಸುತ್ತಿ ಬಳಸಿ ಮಾತು ತೆಗೆದೆ. ಅವನು ಹಗ್ಗ ಬಿಡಲಿಲ್ಲ.

"ಬೀಜ ಕೇಳಾಕ ಬಂದೀರೋ, ತಪ್ಪ ಒಪ್ಪಾಕ ಬಂದೀರೋ?"

"ಎರಡಕ್ಕೂ."

"ಎರಡೂ ಒಂದ ದಿನ ಬ್ಯಾಡ. ಇವತ್ತ ಯಾವುದು?"

ತಪ್ಪು ಒಪ್ಪಲು ಬಂದೆ ಎಂದೆ. ಮೂರು ಸಾಲು ಯಾರು ಬಿತ್ತಿದರೆಂದು ಹೇಳಿದೆ. ಅವನು ಏನೋ ಅಂದ, ನನಗೆ ಕೇಳಿಸಲಿಲ್ಲ. ಜೋರಾಗಿ ಹೇಳು ಎಂದೆ. "ನಾನಲ್ಲ, ನೀವ ಜೋರ ಹೇಳ್ರಿ. ಸಭಾದಾಗ ಜೋರ ಓದಿದ್ರಲ್ಲ, ಹಂಗ" ಎಂದ. ಹೇಳಿದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಹೇಳಿ ಮುಗಿದ ಮೇಲೆ ಅವನು ಕಪ್ಪು ಚಹಾ ತರಿಸಿ ಕುಡಿಸಿದ. "ನಾಳಿ ಬರ್ರಿ" ಎಂದ.

ಮರುದಿನ ಹೋದೆ. ಗಡಿಗೆ ತಂದು ಮುಂದಿಟ್ಟ. "ಒಮ್ಮೆ ಒಯ್ದರ ತಿರುಗಿ ಬರಬ್ಯಾಡ್ರಿ ಅಂದಿದ್ರಿ. ಬರಲಿಲ್ಲ. ಈಗ ನೀವ ಬಂದೀರಿ" ಎಂದು ನಕ್ಕ. ಸಂಘಕ್ಕೆ ಮರಳಿ ಬಾ ಎಂದು ಕರೆದೆ. ತಲೆ ಅಲ್ಲಾಡಿಸಿದ. "ಬೀಜ ಕೊಡತೇನಿ. ಸಂಘಕ್ಕ ಬರಂಗಿಲ್ಲ. ಆ ಹನ್ನೆರಡು ಕೈ ನೋಡೇನಿ ನಾನು." ಗಡಿಗೆ ಎತ್ತಿಕೊಂಡು ಮನೆಗೆ ಬಂದೆ.

ಒದ್ದೆ ಗೋಣಿಯಲ್ಲಿ ನೂರು ಕಾಳು ಇಟ್ಟು ನೋಡಿದೆ. ಮೂವತ್ತೊಂದು ಮೊಳೆತವು. ಹಳೆಯ ಬೀಜ, ಅಷ್ಟೇ ಸಾಕು. ಒಂದು ಮುಷ್ಟಿ ನಿನಗೆ ಕಳಿಸಿದ್ದೇನೆ.

ಮಾವ


ಹೈದರಾಬಾದ್
೨೪ ಮಾರ್ಚ್ ೨೦೦೮

ಮಾವ,

ರಹಿಮಾನ ಕಾಕಾ ಅವರ ಬೀಜದಲ್ಲಿ ಒಂದೂ ಇ‌ಲ್ಲ. ಎರಡು ಸಲ ನೋಡಿದೆ.

ಆದರೆ ಬಿತ್ತಿದರಷ್ಟೇ ಸಾಲದು. ಸುತ್ತ ಎಲ್ಲ ಬಿ.ಟಿ. ಇರುವಾಗ ಹೂವು ತೆರೆದರೆ ದುಂಬಿ ಬಂದೇ ಬರುತ್ತದೆ. ಪ್ರತಿ ಮೊಗ್ಗೂ ಅರಳುವ ಹಿಂದಿನ ಸಂಜೆ ಅದರ ತುದಿಗೆ ದಾರ ಬಿಗಿಯಬೇಕು, ಹೂವು ತನ್ನೊಳಗೇ ಕಾಯಿ ಕಟ್ಟುತ್ತದೆ. ಒಂದು ಸಂಜೆ ತಪ್ಪಿದರೂ ಹೋಯಿತು. ಎರಡು ಮೂರು ತಿಂಗಳ ಕೆಲಸ. ಅದನ್ನು ಚೆನ್ನಾಗಿ ಮಾಡಬಲ್ಲವರು ಯಾರೆಂದು ನಾನು ಬರೆಯಬೇಕಾಗಿಲ್ಲ.

ಈ ಸಲ ನೀವೇ ಹೋಗಿ ಕೇಳಿ.

ಶೈಲಾ


ಕುಪ್ಪೇಲೂರು
೨೩ ಜೂನ್ ೨೦೦೮

ಚಿ. ಶೈಲಾ,

ಇದೇ ತಿಂಗಳ ಹತ್ತರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು. ನೀನೂ ಓದಿರುತ್ತೀಯೆ. ನಮ್ಮ ಅಜ್ಜ ಕೇಳದೆ ಬೆಳೆಯುತ್ತಿದ್ದ. ಈಗ ಬೀಜಕ್ಕೂ ಸಾಲು, ಗೊಬ್ಬರಕ್ಕೂ ಸಾಲು, ಸಾಲಿನಲ್ಲಿ ನಿಂತರೆ ಗುಂಡು. ಪತ್ರಿಕೆಗೆ ಬರೆಯಲು ಕೂತೆ, ಅರ್ಧ ಪುಟ ಬರೆದೆ. ಆಮೇಲೆ ಎದ್ದು ಕದರಮಂಡಲಗಿಯ ಬಸ್ ಹತ್ತಿದೆ. ಉಳಿದರ್ಧ ಆಮೇಲೆ ಬರೆಯುತ್ತೇನೆ.

ನೀಲವ್ವ ಬಾಗಿಲಲ್ಲೇ ಇದ್ದಳು. "ಬಾ ಅಣ್ಣಾ" ಎಂದಳು, ಎಂಟು ತಿಂಗಳ ಬಗ್ಗೆ ಏನೂ ಕೇಳಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚಾಯಿತು. ಲಾವಣಿ ಮುಗಿಯಲು ಇನ್ನೂ ಒಂದು ವರ್ಷವಿದೆ, ಬಿಡಿಸಲು ನಿನ್ನ ದೊಡ್ಡಪ್ಪ ಒಪ್ಪಿಲ್ಲ. ಆದರೆ ಈ ವರ್ಷ ಕ್ರಾಸಿಂಗಿಗೆ ಹೋಗುವುದಿಲ್ಲ, ಕುಪ್ಪೇಲೂರಿನಲ್ಲೇ ಇರುತ್ತೇನೆ ಎಂದಳು. "ಹೂವಿನ ಬಾಯಿ ತೆರೆಯೋ ಕೆಲಸ ನಾಕು ಹಂಗಾಮ ಮಾಡೇನಿ. ಮುಚ್ಚಾಕ ಬರ್ತದ ತಗೋ" ಎಂದಳು.

"ಖಾಲಿ ಉಡಿಲೆ ಬಾ" ಎಂದೆ. ಅವಳ ಮುಖ ಸಣ್ಣದಾಯಿತು. ಅದನ್ನು ನೋಡಿಯೂ ಮತ್ತೆ ಅದನ್ನೇ ಹೇಳಿದೆ.

ನಿನ್ನೆ ಬಿತ್ತಿದೆವು, ಪೂರ್ವದ ಬಾಂದಿನ ಬದಿಯ ಆರು ಗುಂಟೆ. ರಹಿಮಾನಸಾಬ ಬಾಂದಿನ ಆ ಕಡೆ ನಿಂತು ನೋಡುತ್ತಿದ್ದ, ಈ ಕಡೆ ಬರಲಿಲ್ಲ. ನೀಲವ್ವ ಬಂದು ಉಡಿ ಒಡ್ಡಿದಳು. ನಾನು ಬೀಜದ ಬುಟ್ಟಿ ಎತ್ತಿದೆ. ನೋಡಬಾರದು ಎನ್ನುವುದು ಪದ್ಧತಿ. ನಾನು ನೋಡಿದೆ. ಅವಳೂ ನಾನು ನೋಡಲೆಂದು ಸೆರಗನ್ನು ಇನ್ನಷ್ಟು ಅಗಲ ಹಿಡಿದಳು. ಒಳಗೆ ಏನೂ ಇರಲಿಲ್ಲ. ಬಟ್ಟೆಯ ಮೇಲೆ ಹಳದಿ ಕಲೆಗಳಿದ್ದವು, ಹೂವಿನ ಪುಡಿಯವು. ಎಷ್ಟು ಒಗೆದರೂ ಹೋಗಿಲ್ಲವಂತೆ.

ಅದರ ಮೇಲೆಯೇ ತುಂಬಿದೆ. ಮೂರು ಸಾಲು ಬಿತ್ತಿದಳು.

ಸೆಪ್ಟೆಂಬರಿನಲ್ಲಿ ಎಲೆ ಕಳಿಸುತ್ತೇನೆ, ಸಾಲು ಸಾಲಾಗಿ, ಅಂಕೆ ಹಾಕಿ. ಸಂಜೆ ಕೈ ತೊಳೆಯುವಾಗ ನಿಮ್ಮ ಅವ್ವ ಹೇಳಿದಳು: "ಶೈಲಾಗ ಬರಿ ಅಣ್ಣಾ. ಮೊದಲ ನನ್ನ ಮೂರು ಸಾಲ ನೋಡಾಕ ಹೇಳು."

ಮಾವ